ಕಣ್ಣು ಕಾಣದವರ ಕೈಗೆ ಮಾತನಾಡುವ ಫೋನು



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಕಣ್ಣು ಕಾಣದವರು ಒಬ್ಬರಾದರೂ ಇರಬಹುದು. ಹುಟ್ಟು ಕುರುಡರಿರಬಹುದು, ಇಲ್ಲವೆ ಸಕ್ಕರೆ ಕಾಯಿಲೆಯಿಂದಲೋ ಗ್ಲಾಕೋಮಾದಿಂದಲೋ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿರಬಹುದು. ಇವರಿಗೆ ಹೊಲದ ಬದು ಗೊತ್ತು, ಹಸುವಿನ ಕೆಚ್ಚಲು ಗೊತ್ತು, ಹಿಡಿಯಲ್ಲಿ ಹಿಡಿದ ಮಣ್ಣಿನ ಹದ ಗೊತ್ತು. ಗೊತ್ತಾಗದೆ ಉಳಿಯುವುದು ತಮ್ಮದೇ ಖಾತೆಗೆ ಜಮಾ ಆದ ಹಣ ಎಷ್ಟೆಂಬುದು. ಅದಕ್ಕೆ ಮಗನನ್ನು ಕೇಳಬೇಕು, ಇಲ್ಲವೆ ಅಂಗಡಿಯವನ ಮುಂದೆ ಫೋನು ಹಿಡಿಯಬೇಕು. ಕೊನೆಗೆ ಗುಟ್ಟಿನ ಸಂಖ್ಯೆಯನ್ನೂ ಇನ್ನೊಬ್ಬರ ಕಿವಿಗೆ ಹೇಳಬೇಕು. ದುಡಿದದ್ದು ಇವರು, ಎಣಿಸುವವರು ಬೇರೆಯವರು!

ಈ ಪರಾಧೀನತೆಯನ್ನು ಬಹುಮಟ್ಟಿಗೆ ತಪ್ಪಿಸುವ ಸಾಧನ ನಿಮ್ಮ ಮನೆಯಲ್ಲಿ ಈಗಾಗಲೇ ಇದೆ. ಅದೇ ಮೊಬೈಲ್ ಫೋನು. ಅದಕ್ಕೆ ಹೊಸದಾಗಿ ಕಾಸು ಖರ್ಚು ಮಾಡಬೇಕಾಗಿಲ್ಲ.

ಮೊದಲು ಕಣ್ಣಿನ ಪರೀಕ್ಷೆ

ಫೋನಿನ ಮಾತಿಗೆ ಮುಂಚೆ ಇನ್ನೊಂದು ಮಾತು. ವಯಸ್ಸಾಯಿತು, ಕಣ್ಣು ಹೋಯಿತು ಎಂದು ಸುಮ್ಮನೆ ಕೂರಬೇಡಿ. ಪೊರೆಯಿಂದ ಬಂದ ಕುರುಡು ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ ತೋರಿಸಿ. ಗ್ಲಾಕೋಮಾದಿಂದ ಹೋದ ದೃಷ್ಟಿ ಮಾತ್ರ ಮರಳಿ ಬಾರದು. ಅಂಥವರಿಗೆ ಮುಂದಿನ ವಿಷಯ.

ಫೋನಿನೊಳಗಿನ ಓದುಗ

ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಈಗಿನ ಸ್ಮಾರ್ಟ್‌ಫೋನುಗಳಲ್ಲಿ ಮೊದಲೇ ಅಡಕವಾಗಿರುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಇದರ ಹೆಸರು ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ಎರಡೂ ೨೦೦೯ರಲ್ಲಿ ಫೋನುಗಳಿಗೆ ಬಂದವು. ಪುಣೆಯಲ್ಲಿ ಬೆಳೆದು, ಹದಿನಾಲ್ಕನೆಯ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡ ಟಿ.ವಿ. ರಾಮನ್ ಅವರು ಗೂಗಲ್ ಸಂಸ್ಥೆಯಲ್ಲಿ, ಆಂಡ್ರಾಯ್ಡ್ ಫೋನನ್ನು ಕಣ್ಣಿನ ನೆರವಿಲ್ಲದೆ ಬಳಸುವ ದಾರಿ ಹುಡುಕಿದವರಲ್ಲಿ ಒಬ್ಬರು. ಕಷ್ಟ ಉಂಡವರೇ ಕಂಡುಕೊಂಡ ಉಪಾಯವಾದ್ದರಿಂದ ಇದು ಉಪಯೋಗಕ್ಕೆ ಬರುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಪ್ರಾರಂಭಿಸುವ ಕ್ರಮ ಹೀಗೆ:

೧. ಸೆಟ್ಟಿಂಗ್ಸ್ ತೆರೆದು, ಆಕ್ಸೆಸಿಬಿಲಿಟಿ ಎಂಬಲ್ಲಿಗೆ ಹೋಗಿ. ಕನ್ನಡದಲ್ಲಿ ಇದನ್ನು ‘ಪ್ರವೇಶಿಸುವಿಕೆ’ ಎಂದು ಬರೆದಿರುತ್ತದೆ. ಅಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ.

೨. ಫೋನಿನ ಭಾಷೆಯನ್ನೂ ಓದುವ ಧ್ವನಿಯನ್ನೂ ಕನ್ನಡಕ್ಕೆ ಹೊಂದಿಸಿ. ಮೊದಮೊದಲು ಓದುವ ವೇಗ ಕಡಿಮೆ ಇರಲಿ.

೩. ಧ್ವನಿ ಏರಿಸುವ ಮತ್ತು ಇಳಿಸುವ ಎರಡು ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡು ಒತ್ತಿದರೆ ಟಾಕ್‌ಬ್ಯಾಕ್ ಶುರುವಾಗುವಂತೆ, ಮತ್ತೆ ಒತ್ತಿದರೆ ನಿಲ್ಲುವಂತೆ ಮಾಡಿಡಬಹುದು. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವಲ್ಲಿ ಇದು ಬಹಳ ಅನುಕೂಲ.

ಟಾಕ್‌ಬ್ಯಾಕ್ ಶುರುವಾದ ಮೇಲೆ ಫೋನಿನ ನಡತೆ ಬದಲಾಗುತ್ತದೆ. ಒಮ್ಮೆ ಮುಟ್ಟಿದರೆ ಬೆರಳಡಿಯಲ್ಲಿ ಏನಿದೆ ಎಂದು ಹೇಳುತ್ತದೆ, ತೆರೆಯುವುದಿಲ್ಲ. ತೆರೆಯಲು ಬೇಗ ಬೇಗ ಎರಡು ಸಲ ತಟ್ಟಬೇಕು. ಬೆರಳನ್ನು ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಪುಟ ಸರಿಸಲು ಎರಡು ಬೆರಳು ಬೇಕು. ಇದು ತಿಳಿಯದ ಮನೆಯವರು ಫೋನು ಕೆಟ್ಟಿತೆಂದು ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರ ಅಭ್ಯಾಸವಾಗಲಿ. ಮೊದಲು ಕರೆ ತೆಗೆಯುವುದು, ಆಮೇಲೆ ಕರೆ ಮಾಡುವುದು, ಅನಂತರ ಸಂದೇಶ ಕೇಳುವುದು, ಹೀಗೆ ಒಂದೊಂದೇ ಮೆಟ್ಟಿಲು ಹತ್ತಲಿ.

ಗುಂಡಿ ಫೋನೂ ಸಾಕು

ಸ್ಮಾರ್ಟ್‌ಫೋನು ಇಲ್ಲದಿದ್ದರೂ ಚಿಂತೆಯಿಲ್ಲ. ಗುಂಡಿ ಫೋನಿನ ೫ನೇ ಅಂಕಿಯ ಮೇಲೆ ಸಾಮಾನ್ಯವಾಗಿ ಸಣ್ಣ ಉಬ್ಬು ಇರುತ್ತದೆ. ಅದನ್ನು ಬೆರಳಿಗೆ ಪರಿಚಯ ಮಾಡಿಸಿದರೆ ಉಳಿದ ಅಂಕಿಗಳು ತಾವಾಗಿಯೇ ಸಿಗುತ್ತವೆ. ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆ ೧೮೦೦-೧೮೦-೧೫೫೧. ಬೆಳಿಗ್ಗೆ ೬ರಿಂದ ರಾತ್ರಿ ೧೦ರವರೆಗೆ ಬೆಳೆಯ ರೋಗ, ಕೀಟ, ಗೊಬ್ಬರದ ಬಗ್ಗೆ ಕನ್ನಡದಲ್ಲೇ ಕೇಳಬಹುದು. ಇಲ್ಲಿ ಎಲ್ಲವೂ ಮಾತಿನ ವ್ಯವಹಾರ, ಕಣ್ಣಿನ ಹಂಗಿಲ್ಲ. ೨೦೨೨ರ ಮಾರ್ಚಿಯಲ್ಲಿ ಆರಂಭವಾದ ಯುಪಿಐ ೧೨೩ಪೇ ಮೂಲಕ ಗುಂಡಿ ಫೋನಿನಿಂದ ಹಣವನ್ನೂ ಕಳಿಸಬಹುದು.

ಹಣದ ವಿಷಯದಲ್ಲಿ ಎಚ್ಚರ

ನೋಟು ಗುರುತಿಸಲು ರಿಸರ್ವ್ ಬ್ಯಾಂಕು ೨೦೨೦ರ ಜನವರಿ ೧ರಂದು ‘ಮಣಿ’ ಎಂಬ ಉಚಿತ ಆ್ಯಪನ್ನು ಬಿಡುಗಡೆ ಮಾಡಿತು. ಫೋನಿನ ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟು ರೂಪಾಯಿ ಎಂದು ಧ್ವನಿಯಲ್ಲಿ ಹೇಳುತ್ತದೆ. ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಬೇಡ. ಆದರೆ ನೋಟು ಅಸಲಿಯೋ ನಕಲಿಯೋ ಎಂದು ಅದು ಹೇಳದು, ಇದು ನೆನಪಿರಲಿ.

ಜೊತೆಗೆ ಬೆರಳ ಲೆಕ್ಕವೂ ಇರಲಿ. ಹೊಸ ೧೦೦, ೨೦೦ ಮತ್ತು ೫೦೦ರ ನೋಟುಗಳ ಅಗಲ ಒಂದೇ, ಉದ್ದ ಮಾತ್ರ ಕ್ರಮವಾಗಿ ೧೪೨, ೧೪೬ ಮತ್ತು ೧೫೦ ಮಿಲಿಮೀಟರು. ನಾಲ್ಕು ಮಿಲಿಮೀಟರಿನ ಅಂತರ ಹಸಿಬಿಸಿಯಲ್ಲಿ ತಪ್ಪಿಹೋಗಬಹುದು. ಆದ್ದರಿಂದ ಅಂಚಿನ ಉಬ್ಬು ಗೆರೆಗಳನ್ನೂ ತಡವಿ ನೋಡಬೇಕು: ೧೦೦ಕ್ಕೆ ನಾಲ್ಕು ಗೆರೆ, ೨೦೦ಕ್ಕೆ ನಾಲ್ಕು ಗೆರೆಯ ನಡುವೆ ಎರಡು ಸೊನ್ನೆ, ೫೦೦ಕ್ಕೆ ಐದು ಗೆರೆ. ನೋಟು ಹಳೆಯದಾದಂತೆ ಉಬ್ಬು ಸವೆಯುತ್ತದೆ. ಆಗ ‘ಮಣಿ’ ಬೇಕು.

ಗುಟ್ಟಿನ ಸಂಖ್ಯೆಯನ್ನು ಅವರೇ ಒತ್ತಲಿ. ಒತ್ತುವಾಗ ಫೋನು ಅಂಕಿಗಳನ್ನು ಗಟ್ಟಿಯಾಗಿ ಓದಿಬಿಡಬಹುದು. ಆದ್ದರಿಂದ ಕಿವಿಗೆ ಇಯರ್‌ಫೋನು ಇರಲೇಬೇಕು. ಪರದೆಯನ್ನು ಕಪ್ಪಾಗಿಸಿ ಪಕ್ಕದವರಿಗೆ ಕಾಣದಂತೆ ಮಾಡುವ ಸೌಕರ್ಯವೂ ಟಾಕ್‌ಬ್ಯಾಕಿನಲ್ಲಿದೆ. ಡೇರಿಯ ಬಟವಾಡೆ, ಪಿಂಚಣಿ, ಸಹಾಯಧನ ಯಾವುದೇ ಜಮಾ ಆಗಲಿ, ಬ್ಯಾಂಕಿನ ಸಂದೇಶವನ್ನು ಇನ್ನು ಅವರೇ ಕೇಳಿಕೊಳ್ಳಬಹುದು.

ಹೊಲದಲ್ಲಿ ಬಳಕೆ

ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದರೆ ಮನೆಯಲ್ಲೇ ಕುಳಿತು ಕರೆಯ ಮೂಲಕ ಮೋಟಾರು ಚಾಲೂ ಮಾಡಬಹುದು. ರಾತ್ರಿ ಕರೆಂಟು ಬಂದಾಗ ಸ್ಟಾರ್ಟರ್ ಪೆಟ್ಟಿಗೆ ತಡಕುವ ಅಪಾಯ ತಪ್ಪುತ್ತದೆ.

ಔಷಧಿ ಡಬ್ಬಿಯ ವಿಷಯದಲ್ಲಿ ಮಾತ್ರ ಫೋನನ್ನು ನೆಚ್ಚಬೇಡಿ. ಕ್ಯಾಮೆರಾದಿಂದ ಅಕ್ಷರ ಓದಿಸುವ ಆ್ಯಪುಗಳು ಬಂದಿವೆ, ನಿಜ. ಆದರೆ ಕೀಟನಾಶಕದ ಚೀಟಿಯ ಅಕ್ಷರ ಅತಿ ಸಣ್ಣದು, ಅಂಕಿ ತಪ್ಪಿದರೆ ಪ್ರಮಾಣವೇ ತಪ್ಪುತ್ತದೆ. ವಿಷದ ತೀವ್ರತೆ ತಿಳಿಸುವ ಕೆಂಪು, ಹಳದಿ, ನೀಲಿ, ಹಸಿರು ಗುರುತು ಬೆರಳಿಗೆ ಸಿಗುವಂಥದಲ್ಲ. ಆದಕಾರಣ ಇಂಥ ಡಬ್ಬಿಗಳನ್ನು ಬೇರೆಡೆ ಬೀಗ ಹಾಕಿಡಿ. ಅಳತೆ ಮಾಡುವ ಕೆಲಸ ಕಣ್ಣಿದ್ದವರದಾಗಲಿ.

ಮನೆಯವರು, ಊರವರು ಮಾಡಬೇಕಾದದ್ದು

* ಫೋನಿನ ಪರದೆಯ ಮೇಲಿನ ಆ್ಯಪುಗಳ ಜಾಗ ಬದಲಿಸಬೇಡಿ. ಅವರು ಜಾಗವನ್ನು ನೆನಪಿಟ್ಟುಕೊಂಡಿರುತ್ತಾರೆ.

* ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಗ್ರಾಮಸಭೆ, ಬಿತ್ತನೆ ಬೀಜ, ಮಾರುಕಟ್ಟೆ ಧಾರಣೆಯ ಸುದ್ದಿಯನ್ನು ಬರೀ ಚಿತ್ರವಾಗಿ ಹಾಕಬೇಡಿ. ಚಿತ್ರದೊಳಗಿನ ಅಕ್ಷರ ಟಾಕ್‌ಬ್ಯಾಕಿಗೆ ಸರಿಯಾಗಿ ಸಿಗದು. ಎರಡು ಸಾಲು ಟೈಪು ಮಾಡಿ, ಇಲ್ಲವೆ ಬಾಯಲ್ಲಿ ಹೇಳಿ ಕಳಿಸಿ.

* ಅವರು ತಡವರಿಸುವಾಗ ಫೋನು ಕಿತ್ತುಕೊಂಡು ‘ನಾನೇ ಮಾಡಿಕೊಡುತ್ತೇನೆ’ ಎನ್ನಬೇಡಿ. ಕೇಳಿದರೆ ಮಾತ್ರ ಹೇಳಿಕೊಡಿ.

ಬ್ಯಾಂಕಿನ ಗುರುತು ಪರಿಶೀಲನೆಯಲ್ಲಿ ಕಣ್ಣು ಮಿಟುಕಿಸಲು ಹೇಳಿ ಅಂಧರನ್ನು ಹಿಂದೆ ಕಳಿಸಿದ ದೂರುಗಳಿದ್ದವು. ಇಂಥ ಕಡೆ ಪರ್ಯಾಯ ವಿಧಾನ ಇರಬೇಕೆಂದು ಸುಪ್ರೀಂ ಕೋರ್ಟು ೨೦೨೫ರ ಏಪ್ರಿಲ್ ೩೦ರಂದು ನಿರ್ದೇಶನ ನೀಡಿದೆ. ಡಿಜಿಟಲ್ ಸೇವೆ ಪಡೆಯುವುದು ಬದುಕುವ ಹಕ್ಕಿನ ಭಾಗವೆಂದೂ ಹೇಳಿದೆ. ಬ್ಯಾಂಕಿನಲ್ಲಿ ಇದನ್ನು ಧೈರ್ಯವಾಗಿ ತಿಳಿಸಿ.

ವಿಚಾರಿಸಬೇಕಾದ ಸ್ಥಳ

ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಮಾಡಿಸಲು ಇವರನ್ನು ಕಾಣಿ. ಶೇ. ೪೦ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದವರಿಗೆ ಸರ್ಕಾರದ ಶಿಬಿರಗಳಲ್ಲಿ ಸಾಧನ ಸಲಕರಣೆ ಹಂಚುವುದುಂಟು. ನಿಮ್ಮ ತಾಲ್ಲೂಕಿನ ಮುಂದಿನ ಶಿಬಿರ ಯಾವಾಗ ಎಂದು ಕೇಳಿ ತಿಳಿಯಿರಿ. ಟಾಕ್‌ಬ್ಯಾಕ್‌ಗೆ ಮಾತ್ರ ಶಿಬಿರದ ತನಕ ಕಾಯಬೇಕಾಗಿಲ್ಲ. ಇಂದು ಸಂಜೆ ಶಾಲೆಯಿಂದ ಬಂದ ಮಕ್ಕಳಿಗೆ ಹೇಳಿ, ಐದು ನಿಮಿಷದಲ್ಲಿ ಶುರು ಮಾಡಿಕೊಡುತ್ತಾರೆ.