ಮಾವುತನ ಮಗ ಸಾಬು

ಪರದೇಶದಲ್ಲಿ ನೆಲೆಸಿ, ಅಲ್ಲಿನ ಬೆಳ್ಳಿತೆರೆಯ ಮೇಲೆ ಕೀರ್ತಿ ಗಳಿಸಿದ ಭಾರತೀಯ ನಟರ ಮೊದಲ ಸಾಲಿಗೆ ಸೇರಿದವನು ಕನ್ನಡ ನಾಡಿನ ಹುಡುಗನೆಂದರೆ ವಿದ್ಯಾರ್ಥಿಮಿತ್ರರಿಗೆ ಆಶ್ಚರ್ಯವಾದೀತು. ಅವನೇ ಸಾಬು ದಸ್ತಗೀರ್. 1924ರ ಜನವರಿ 27ರಂದು ಮೈಸೂರು ಸಂಸ್ಥಾನದ ಕಾರಾಪುರದಲ್ಲಿ, ಕಬಿನಿ ನದಿಯ ಬಳಿಯ ಕಾಡಿನಂಚಿನಲ್ಲಿ, ಅವನು ಜನಿಸಿದನು. ತಂದೆ ಮಹಾರಾಜರ ಆನೆಗಳ ಮಾವುತ. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಸಾಬುವಿಗೆ ಆನೆಲಾಯವೇ ಮನೆ, ಅದೇ ಪಾಠಶಾಲೆ.

1935ರಲ್ಲಿ ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯು, ಆನೆಯನ್ನು ಪ್ರೀತಿಸುವ ಬಾಲಕನನ್ನು ಕುರಿತ ಕಿಪ್ಲಿಂಗನ ಕಥೆಯೊಂದನ್ನು ಚಿತ್ರವಾಗಿಸಲು ಮೈಸೂರಿಗೆ ಬಂದನು. ಕಸುಬಿನ ನಟರಿಗೆ ವೇಷ ಹಾಕಿಸುವುದಕ್ಕಿಂತ, ಆ ಬದುಕನ್ನೇ ಬಾಳುವವರನ್ನು ತೆರೆಯ ಮೇಲೆ ತೋರಿಸುವುದು ಅವನ ಪದ್ಧತಿ. ಅವನ ತಂಡದ ಛಾಯಾಗ್ರಾಹಕ ಬಾರಡೇಲನ ಕಣ್ಣಿಗೆ ಸಾಬು ಬಿದ್ದನು. ಮಾವುತನಾದವನು ಆನೆಯ ಕುತ್ತಿಗೆಯ ಮೇಲೆ ಕುಳಿತು, ಅದರ ಕಿವಿಗಳ ಹಿಂದೆ ಕಾಲ್ಬೆರಳುಗಳನ್ನೊತ್ತಿ ಅದನ್ನು ನಡೆಸುತ್ತಾನೆ. ಇದನ್ನು ಪೇಟೆಯ ಹುಡುಗನೊಬ್ಬನಿಗೆ ಕಲಿಸುವುದೆಂದರೆ ವರ್ಷಗಳ ಮಾತು. ಸಾಬುವಿಗಾದರೋ ಅದು ನಡೆದಾಡುವಷ್ಟೇ ಸಹಜ. ಅವನು ಕಲಿಯಬೇಕಾದುದು ಇಂಗ್ಲಿಷಿನ ಮಾತುಗಳನ್ನು ಮಾತ್ರ. ಚಿತ್ರದ ಉಳಿದ ಭಾಗ ಲಂಡನ್ನಿನ ಸಮೀಪದ ಡೆನ್‌ಹ್ಯಾಮಿನಲ್ಲಿ ತಯಾರಾಯಿತು. ಹಾಗೆ ಕಡಲು ದಾಟಿದ ಬಾಲಕನು 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಾಗ ಲೋಕಪ್ರಸಿದ್ಧನಾದನು.

ಅನಂತರ 'ದಿ ಡ್ರಮ್' ಬಂದಿತು. 1940ರ 'ದಿ ಥೀಫ್ ಆಫ್ ಬಾಗ್ದಾದ್' ಚಿತ್ರದ ತುಂಟ ಕಳ್ಳ ಅಬುವಿನ ಪಾತ್ರವೇ ಸಾಬುವಿನ ಅತ್ಯುತ್ತಮ ಕೃತಿಯೆಂದು ನಾವು ಎಣಿಸುತ್ತೇವೆ. ಮಹಾಯುದ್ಧದ ಕಾರಣ ಇಂಗ್ಲೆಂಡಿನಲ್ಲಿ ಆರಂಭವಾದ ಆ ಚಿತ್ರ ಅಮೆರಿಕದಲ್ಲಿ ಮುಗಿಯಿತು. ಸಾಬುವೂ ಅಲ್ಲಿಯೇ ನೆಲೆಸಿದನು. 1942ರಲ್ಲಿ 'ಜಂಗಲ್ ಬುಕ್' ಚಿತ್ರದ ಮೌಗ್ಲಿಯಾದನು. 1944ರಲ್ಲಿ ಅಮೆರಿಕದ ಪೌರತ್ವ ಪಡೆದು, ಆ ದೇಶದ ವಾಯುಪಡೆಯನ್ನು ಸೇರಿ, ಬಾಂಬರ್ ವಿಮಾನದ ಬಾಲದಲ್ಲಿ ಕುಳಿತು ಬಂದೂಕು ಹಿಡಿದನು. ಶಾಂತಸಾಗರದ ಯುದ್ಧದಲ್ಲಿ ತೋರಿದ ಶೌರ್ಯಕ್ಕಾಗಿ 'ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್' ಪದಕವೂ ದೊರೆಯಿತು.

ಇಂತಹ ವೀರನು ಮರಳಿ ಬಂದಾಗ ಅವನಿಗೆ ಕಾದಿದ್ದ ಪಾತ್ರಗಳಾವುವು? 1947ರ 'ಬ್ಲ್ಯಾಕ್ ನಾರ್ಸಿಸಸ್' ಚಿತ್ರದ ರಾಜಕುಮಾರನ ಪಾತ್ರವನ್ನು ಬಿಟ್ಟರೆ, ಬಹುತೇಕ ಮತ್ತದೇ ಕಾಡು, ಅದೇ ತುಂಡುಬಟ್ಟೆ! ಪ್ರಾಯಕ್ಕೆ ಬಂದ ಭಾರತೀಯನೊಬ್ಬನು ವೈದ್ಯನೋ ಉಪಾಧ್ಯಾಯನೋ ಆಗಿರಬಹುದೆಂಬುದು ಅಂದಿನ ಹಾಲಿವುಡ್ಡಿನ ಕಲ್ಪನೆಗೆ ಎಟುಕಲಿಲ್ಲ. ದೋಷ ನಟನದಲ್ಲ, ಅವನಿಗೆ ಪಾತ್ರ ಬರೆದವರದು. 1952ರಲ್ಲಿ ಅವನು ಲಂಡನ್ನಿನ ಹ್ಯಾರಿಂಗೇ ಸರ್ಕಸ್ಸಿನಲ್ಲಿ ಪುನಃ ಆನೆಗಳೊಡನೆ ಕಾಣಿಸಿಕೊಂಡನು. ಮೆಹಬೂಬ್ ಖಾನರು 'ಮದರ್ ಇಂಡಿಯಾ' ಚಿತ್ರಕ್ಕೆ ಅವನನ್ನು ಬಯಸಿದ್ದರು; ಆದರೆ ಪರದೇಶದ ಪ್ರಜೆಯಾಗಿದ್ದ ಅವನಿಗೆ ಇಲ್ಲಿ ದುಡಿಯಲು ಅನುಮತಿ ದೊರೆಯಲಿಲ್ಲ. ಹೀಗಾಗಿ ಜನ್ಮಭೂಮಿಯವರು ನಿರ್ಮಿಸಿದ ಒಂದು ಚಿತ್ರದಲ್ಲಿಯೂ ಅವನು ನಟಿಸಲಿಲ್ಲ.

1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ಸಾಬು ತೀರಿಕೊಂಡನು. ಆಗ ಅವನಿಗೆ 39 ವರ್ಷ. ಕೊನೆಯ ಚಿತ್ರ 'ಎ ಟೈಗರ್ ವಾಕ್ಸ್' ಮರುವರ್ಷ ಬಿಡುಗಡೆಯಾಯಿತು. ಅದರಲ್ಲಿ ಅವನದು ಸರ್ಕಸ್ಸಿನ ಹುಲಿಯನ್ನು ಪಳಗಿಸುವವನ ಪಾತ್ರ.