ಬ್ರಹ್ಮಾಂಡದ ಚಿಪ್ಪು ಎಲ್ಲಿದೆ?

ದೊಡ್ಡ ಹಗರಣವೊಂದು ಹೊರಬಿದ್ದರೆ ನಮ್ಮ ಪತ್ರಿಕೆಗಳ ಪಾಲಿಗೆ ಅದು ‘ಬ್ರಹ್ಮಾಂಡ ಭ್ರಷ್ಟಾಚಾರ’. ಎಲ್ಲೆ ಮೀರಿದ್ದಕ್ಕೆಲ್ಲ ಧಾರಾಳವಾಗಿ ಬಳಕೆಯಾಗುವ ಈ ಪದ ಹುಟ್ಟಿದ್ದು ಮಾತ್ರ ಎಲ್ಲೆಯೊಳಗೇ. ಬ್ರಹ್ಮನ ಅಂಡ, ಅಂದರೆ ಮೊಟ್ಟೆ. ಮೊಟ್ಟೆ ಎಂದಮೇಲೆ ಚಿಪ್ಪು ಇರಬೇಕು. ಚಿಪ್ಪು ಇದ್ದರೆ ಅದಕ್ಕೊಂದು ಸುತ್ತಳತೆಯೂ ಇರಬೇಕು. ನಮ್ಮ ಹಳೆಯ ಗಣಿತಜ್ಞರು ಅದನ್ನೂ ಲೆಕ್ಕ ಹಾಕಿ ಇಟ್ಟಿದ್ದಾರೆ.

ಉಳಿದ ಪದಗಳಿಗೆ ಈ ತಾಪತ್ರಯವಿಲ್ಲ. ‘ವಿಶ್ವ’ ಎಂದರೆ ಮೂಲದಲ್ಲಿ ‘ಎಲ್ಲ’ ಎಂದಷ್ಟೆ. ಈಗ ವಿಶ್ವಕಪ್, ವಿಶ್ವಸಂಸ್ಥೆಗಳಲ್ಲಿ ಅದು ಭೂಮಿಯಷ್ಟಕ್ಕೇ ಕುಗ್ಗಿಹೋಗಿದೆ. ‘ಜಗತ್ತು’ ಎಂದರೆ ಚಲಿಸುತ್ತಲೇ ಇರುವುದು. ಗ್ರೀಕರ ‘ಕಾಸ್ಮೋಸ್’ ಎಂದರೆ ಒಪ್ಪ, ಅಲಂಕಾರ. ಅಂಗಡಿಯ ಕಾಸ್ಮೆಟಿಕ್ಸ್ ಹುಟ್ಟಿದ್ದೂ ಅದೇ ಮೂಲದಿಂದ.

ಜಗತ್ತು ಮೊಟ್ಟೆಯಿಂದ ಬಂತೆಂಬ ಕಲ್ಪನೆ ‘ಬ್ರಹ್ಮಾಂಡ’ ಪದಕ್ಕಿಂತ ಹಳೆಯದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಬಂಗಾರದ ಗರ್ಭವೆನಿಸಿದ ಹಿರಣ್ಯಗರ್ಭನಿದ್ದಾನೆ. ಛಾಂದೋಗ್ಯ ಉಪನಿಷತ್ತಿನ ವಿವರಣೆಯಂತೂ ಕಣ್ಣಿಗೆ ಕಟ್ಟುವಂತಿದೆ. ಒಂದು ವರ್ಷ ಬಿದ್ದಿದ್ದ ಮೊಟ್ಟೆ ಎರಡು ಹೋಳಾಯಿತು. ಬೆಳ್ಳಿಯ ಹೋಳು ಭೂಮಿ, ಬಂಗಾರದ ಹೋಳು ಆಕಾಶ. ಹೊರಪೊರೆ ಬೆಟ್ಟಗಳಾಯಿತು, ಒಳಪೊರೆ ಮೋಡ ಮಂಜುಗಳಾಯಿತು. ನರಗಳು ನದಿಗಳಾದವು, ಒಳಗಿನ ದ್ರವ ಸಮುದ್ರವಾಯಿತು. ಮರಿಯಾಗಿ ಹೊರಬಂದವನು ಸೂರ್ಯ. ಮೊಟ್ಟೆಯೊಡೆಯುವುದನ್ನು ಹತ್ತಿರದಿಂದ ನೋಡಿದವರ ಬರವಣಿಗೆ ಇದು. ಮುಂದೆ ಪುರಾಣಗಳು ಚಿಪ್ಪಿನ ಹೊರಗೆ ನೀರು, ಬೆಂಕಿ, ಗಾಳಿ, ಆಕಾಶ ಎಂದು ಒಂದಕ್ಕಿಂತ ಒಂದು ಹತ್ತು ಪಟ್ಟು ದೊಡ್ಡದಾದ ಆವರಣಗಳನ್ನು ಹೊದಿಸಿದವು. ಅಂಥ ಬ್ರಹ್ಮಾಂಡಗಳು ಕೋಟಿಗಟ್ಟಲೆ ಇವೆ ಎಂದೂ ಸೇರಿಸಿದವು.

ಕಥೆಯಲ್ಲಿದ್ದ ಚಿಪ್ಪಿಗೆ ಅಂಕಿ ಬಂದದ್ದು ಖಗೋಳ ಗಣಿತದ ಸಿದ್ಧಾಂತ ಗ್ರಂಥಗಳಲ್ಲಿ. ಇಂದಿಗೂ ಕೆಲವು ಪಂಚಾಂಗಗಳಿಗೆ ಆಧಾರವಾಗಿರುವ ಸೂರ್ಯಸಿದ್ಧಾಂತವನ್ನೇ ನೋಡಿ. ಅದರ ಪ್ರಕಾರ ಚಂದ್ರನ ಕಕ್ಷೆಯ ಸುತ್ತಳತೆ 3,24,000 ಯೋಜನ. 432 ಕೋಟಿ ವರ್ಷಗಳ ಒಂದು ಕಲ್ಪದಲ್ಲಿ ಚಂದ್ರ ಸುತ್ತುವುದು 57,75,33,36,000 ಬಾರಿ. ಎರಡನ್ನೂ ಗುಣಿಸಿ: 18,71,20,80,86,40,00,000 ಯೋಜನ. ಇದೇ ಬ್ರಹ್ಮಾಂಡದ ಒಳಸುತ್ತು, ಸೂರ್ಯನ ಕಿರಣಗಳು ಹರಡುವ ಕೊನೆಯ ಮೇರೆ.

ಭೂಮಿಯ ವ್ಯಾಸ 1,600 ಯೋಜನ ಎಂದು ಅದೇ ಗ್ರಂಥ ಹೇಳುತ್ತದೆ. ಹಾಗಾದರೆ ಒಂದು ಯೋಜನ ಸುಮಾರು 8 ಕಿಲೋಮೀಟರ್. ಆ ಲೆಕ್ಕದಲ್ಲಿ ಚಂದ್ರ ನಮ್ಮಿಂದ ಸುಮಾರು 4.1 ಲಕ್ಷ ಕಿಲೋಮೀಟರ್ ದೂರದಲ್ಲಿದ್ದಾನೆ. ನಿಜವಾದ ಸರಾಸರಿ ದೂರ 3.84 ಲಕ್ಷ. ಬರಿಗಣ್ಣಿನ ಕಾಲಕ್ಕೆ ಇದು ಸಾಮಾನ್ಯ ಸಾಧನೆಯಲ್ಲ. ಬ್ರಹ್ಮಾಂಡದ ವ್ಯಾಸ ಮಾತ್ರ ಸುಮಾರು 5,000 ಜ್ಯೋತಿರ್ವರ್ಷಕ್ಕೆ ನಿಲ್ಲುತ್ತದೆ. ನಮ್ಮ ಕ್ಷೀರಪಥ ಗ್ಯಾಲಕ್ಸಿಯೊಂದೇ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ಅಗಲವಿದೆ.

ತಪ್ಪಿದ್ದು ಗುಣಾಕಾರವಲ್ಲ, ಅದಕ್ಕೂ ಮೊದಲು ಒಪ್ಪಿಕೊಂಡ ಮಾತು. ಸೂರ್ಯ ಚಂದ್ರರೂ ಸೇರಿ ಎಲ್ಲ ಗ್ರಹಗಳೂ ಒಂದೇ ವೇಗದಲ್ಲಿ ಓಡುತ್ತವೆ, ಸುತ್ತು ದೊಡ್ಡದಾದಷ್ಟೂ ಸಮಯ ಹೆಚ್ಚು ಹಿಡಿಯುತ್ತದೆ ಎಂದು ಅವರು ನಂಬಿದ್ದರು. ಹಾಗಾಗಿ ಸೂರ್ಯ ಚಂದ್ರನಿಗಿಂತ ಹದಿಮೂರು ಪಟ್ಟು ಚಿಲ್ಲರೆ ದೂರದಲ್ಲಿ ಬಂದು ಕುಳಿತ. ನಿಜಕ್ಕೆ ಅವನಿರುವುದು ಸುಮಾರು 390 ಪಟ್ಟು ದೂರದಲ್ಲಿ. ಕಲ್ಪವೊಂದರಲ್ಲಿ ಯಾವ ಗ್ರಹವಾದರೂ ಓಡುವ ಒಟ್ಟು ದೂರವೇ ಆಕಾಶದ ಸುತ್ತಳತೆ ಎಂಬುದೂ ಊಹೆಯೇ.

ಈ ಊಹೆಯ ಮೇಲೆ ಬೆರಳಿಟ್ಟವನು ಭಾಸ್ಕರಾಚಾರ್ಯ. 1150ರಲ್ಲಿ ಮುಗಿಸಿದ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಅವನೂ ಹೆಚ್ಚುಕಡಿಮೆ ಅದೇ ಸಂಖ್ಯೆಯನ್ನು ಕೊಡುತ್ತಾನೆ. ಆದರೆ ಅದು ಬ್ರಹ್ಮಾಂಡದ ಅಳತೆ ಎಂಬ ಮಾತನ್ನು ಗೋಲವನ್ನೆಲ್ಲ ಅಂಗೈ ಮೇಲಿನ ನೆಲ್ಲಿಯಂತೆ ಕಂಡವರ ತಲೆಗೇ ಕಟ್ಟಿ ಪಕ್ಕಕ್ಕೆ ಸರಿಯುತ್ತಾನೆ. (ಅಲ್ಲೊಂದು ಸಣ್ಣ ಕುಟುಕು ಇದೆ ಎಂದೇ ನನಗನಿಸುತ್ತದೆ.) ಬ್ರಹ್ಮಾಂಡ ಅಷ್ಟಿರಲಿ ಬಿಡಲಿ, ಗ್ರಹ ಒಂದು ಕಲ್ಪದಲ್ಲಿ ಕ್ರಮಿಸುವ ದೂರ ಅಷ್ಟು ಎಂಬುದನ್ನು ಮಾತ್ರ ತಾನು ಒಪ್ಪುತ್ತೇನೆ ಎಂಬುದು ಅವನ ನಿಲುವು. ಲೆಕ್ಕಕ್ಕೆ ಸಿಕ್ಕಿದ್ದೆಷ್ಟು, ಕಥೆಯಿಂದ ಬಂದದ್ದೆಷ್ಟು ಎಂದು ಗೆರೆ ಎಳೆದ ಮಾತಿದು.

ಇಂದಿನ ಖಗೋಳ ವಿಜ್ಞಾನ ಆ ಚಿಪ್ಪನ್ನು ಕೈಬಿಟ್ಟಿದೆ. ಅದರ ಜಾಗದಲ್ಲಿ ಒಂದು ದಿಗಂತವಿದೆ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅಷ್ಟು ಕಾಲದಲ್ಲಿ ಬೆಳಕು ನಮ್ಮನ್ನು ತಲುಪಬಹುದಾದಷ್ಟು ದೂರದವರೆಗೆ ಮಾತ್ರ ನಮಗೆ ಕಾಣುತ್ತದೆ. ಬೆಳಕು ದಾರಿಯಲ್ಲಿರುವಾಗಲೇ ನಡುವಿನ ಆಕಾಶ ಹಿಗ್ಗುತ್ತ ಹೋದುದರಿಂದ, ಕಾಣುವ ವಿಶ್ವದ ವ್ಯಾಸ ಈಗ ಸುಮಾರು 9,300 ಕೋಟಿ ಜ್ಯೋತಿರ್ವರ್ಷ. ಅದರಾಚೆ ಗೋಡೆಯೇನೂ ಇಲ್ಲ. ಅಲ್ಲಿನ ಬೆಳಕು ಇನ್ನೂ ಬಂದಿಲ್ಲ, ಅಷ್ಟೆ. ಸೂರ್ಯಸಿದ್ಧಾಂತವೂ ಬೆಳಕಿನಿಂದಲೇ ಮೇರೆ ಹಾಕಿತ್ತಲ್ಲ ಎನ್ನಬಹುದು. ಹೋಲಿಕೆ ಆಕಸ್ಮಿಕ. ಬೆಳಕಿಗೆ ಇಂತಿಷ್ಟೇ ವೇಗವಿದೆ ಎಂಬ ತಿಳಿವಳಿಕೆಯ ಮೇಲೆ ಆ ಲೆಕ್ಕ ನಿಂತಿರಲಿಲ್ಲ.

ಬ್ರಹ್ಮ ಪದದ ಧಾತುವಿಗೆ ‘ಬೆಳೆ, ಹಿಗ್ಗು’ ಎಂಬ ಅರ್ಥವಿದೆ. ಅದನ್ನೇ ಹಿಡಿದು, ಹಿಗ್ಗುವ ವಿಶ್ವವನ್ನೂ ಬಿಗ್ ಬ್ಯಾಂಗನ್ನೂ ಋಷಿಗಳು ಆಗಲೇ ಹೇಳಿಟ್ಟಿದ್ದರು ಎನ್ನುವ ಭಾಷಣಗಳನ್ನು ನಾವೆಲ್ಲ ಕೇಳಿದ್ದೇವೆ. ಧಾತುವಿನ ಅರ್ಥ ಪುರಾವೆಯಾಗದು. 1929ರಲ್ಲಿ ಎಡ್ವಿನ್ ಹಬಲ್ ಗ್ಯಾಲಕ್ಸಿಗಳ ದೂರಕ್ಕೂ ಓಟಕ್ಕೂ ಇರುವ ನಂಟನ್ನು ತೋರಿಸಿದ್ದರಿಂದ ವಿಶ್ವ ಹಿಗ್ಗುತ್ತಿದೆ ಎಂಬುದಕ್ಕೆ ಬಲ ಬಂತು. ಉಪನಿಷತ್ತಿನ ಮೊಟ್ಟೆ ಒಂದು ಸುಂದರ ಪ್ರತಿಮೆ. ಹಾಗೆಯೇ ಓದಿದರೆ ಅದಕ್ಕೆ ಮರ್ಯಾದೆ. ವಿಜ್ಞಾನದ ಪರಂಪರೆಯನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದರೆ ಭಾಸ್ಕರನ ಆ ಸಂಶಯ ನಮ್ಮ ಪಠ್ಯಪುಸ್ತಕಕ್ಕೆ ಬರಲಿ, ಜೊತೆಗೆ ಆ ಗುಣಾಕಾರವೂ ಇರಲಿ. ಹೈಸ್ಕೂಲಿನ ಯಾವ ವಿದ್ಯಾರ್ಥಿಯಾದರೂ ಅದನ್ನು ಮಾಡಿ ನೋಡಬಹುದು.