ಒಂದು ಚುಕ್ಕೆಯ ಹೊಣೆ

ತಾಳೆಗರಿಯ ಕನ್ನಡದಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ನಿಲುಗಡೆಗೆ ಬಹುಮಟ್ಟಿಗೆ ದಂಡವೇ ಗುರುತು. ಅಲ್ಪವಿರಾಮ, ಪೂರ್ಣವಿರಾಮಗಳು ಬೇರೂರಿದ್ದು ಅಚ್ಚಿನೊಂದಿಗೆ. ಆ ಕಥೆಯಲ್ಲಿ ದಂಡಿನ ಊರಾಗಿದ್ದ ಬಳ್ಳಾರಿಗೂ ಪಾಲುಂಟು: 1843ರಲ್ಲಿ ಮಂಗಳೂರಿನ ಕಲ್ಲಚ್ಚಿನಲ್ಲಿ ಹುಟ್ಟಿದ ‘ಮಂಗಳೂರ ಸಮಾಚಾರ’ 1844ರಲ್ಲಿ ಮೊಳೆಯಚ್ಚಿಗಾಗಿ ಇಲ್ಲಿಗೆ ಬಂತು.

ಪತ್ರಿಕೆಯಲ್ಲಿ ಚಿಹ್ನೆ ತಪ್ಪಿದರೆ ಓದುಗ ಅರ್ಥವನ್ನು ಊಹಿಸಿಕೊಂಡಾನು; ಕಂಪ್ಯೂಟರ್ ಊಹಿಸದು. ತಂತ್ರಾಂಶದ ಕೈಪಿಡಿಯಲ್ಲಿ ಆದೇಶವೊಂದನ್ನು ಉದ್ಧರಣ ಚಿಹ್ನೆಯಲ್ಲಿಟ್ಟು, ವಾಕ್ಯದ ಪೂರ್ಣವಿರಾಮವನ್ನೂ ಅದರೊಳಗೇ ಸೇರಿಸಿದರೆ, ಓದುಗ ಆ ಚುಕ್ಕೆಯನ್ನೂ ಟೈಪ್ ಮಾಡುತ್ತಾನೆ, ಆದೇಶ ಕೆಡುತ್ತದೆ. ನೆಟ್ಟಗಿನ ಉದ್ಧರಣ ಚಿಹ್ನೆ ಇರಬೇಕಾದಲ್ಲಿ ಬಾಗಿದ್ದು ಬಂದರೂ ಇದೇ ಪಾಡು. ಆದ್ದರಿಂದ ಕರಡು ತಿದ್ದುವವರು ಚುಕ್ಕೆಯನ್ನು ಚಿಹ್ನೆಯ ಹೊರಗಿಡಬೇಕು. ಆದೇಶಕ್ಕೆ ಪ್ರತ್ಯೇಕ ಸಾಲನ್ನೇ ಕೊಟ್ಟರೆ ಇನ್ನೂ ಲೇಸು. ಅಲ್ಲಿ ವ್ಯಾಕರಣಕ್ಕಿಂತ ಓದುಗನ ಕೆಲಸ ದೊಡ್ಡದು.